ಅಯಸ್ಕಾಂತದಿಂದ ಸವಳು ನೀರು ಸಿಹಿಯಾದೀತೆ?

(ಸುವರ್ಣ ಮಹೋತ್ಸವದಲ್ಲಿ ಮಾಡಿದ ಭಾಷಣ)



ಅಥಣಿ, ರಾಯಬಾಗ, ಕಾಗವಾಡದ ಕಡೆ ಕಬ್ಬಿಗೆ ನೀರು ಹಾಯಿಸಿ ಹಾಯಿಸಿ ಎಷ್ಟೋ ಹೊಲಗಳು ಸವಳಾಗಿವೆ. ಇಂಥಲ್ಲಿ ಯಾರಾದರೂ ಬಂದು, "ಬೋರಿನ ಪೈಪಿಗೆ ಈ ಅಯಸ್ಕಾಂತ ಕಟ್ಟಿರಿ, ನೀರು ಸಿಹಿಯಾಗತದ" ಎಂದರೆ ಆಸೆ ಹುಟ್ಟುವುದು ಸಹಜ. "ಅಯಸ್ಕಾಂತ ರಾಸಾಯನಿಕ ಕ್ರಿಯೆಯನ್ನು ಬದಲಿಸುತ್ತದೆ, ವಿಜ್ಞಾನವೇ ಹೇಳಿದೆ" ಎಂದೂ ಅವರು ಸೇರಿಸಬಹುದು. ಆ ಮಾತು ಅರ್ಧ ನಿಜ. ಉಳಿದರ್ಧವನ್ನು ಇಂದು ನೋಡೋಣ.

ಎಲೆಕ್ಟ್ರಾನಿಗೆ ಸ್ಪಿನ್ ಎಂಬ ಗುಣವಿದೆ. ಅದರಿಂದ ಅದು ಪುಟ್ಟ ಅಯಸ್ಕಾಂತದಂತೆ ವರ್ತಿಸುತ್ತದೆ. ಅಣುಗಳಲ್ಲಿ ಎಲೆಕ್ಟ್ರಾನುಗಳು ಸಾಮಾನ್ಯವಾಗಿ ಜೋಡಿಯಾಗಿ, ವಿರುದ್ಧ ಸ್ಪಿನ್ನಿನಲ್ಲಿ ಇರುತ್ತವೆ. ಬೆಳಕು ಬಿದ್ದು ಬಂಧ ಮುರಿದರೆ ಎರಡು ಒಂಟಿ ಎಲೆಕ್ಟ್ರಾನುಗಳು ಉಳಿಯುತ್ತವೆ. ಅವುಗಳ ಸ್ಪಿನ್ ವಿರುದ್ಧವಿದ್ದರೆ ಮತ್ತೆ ಕೂಡಬಲ್ಲವು. ಒಂದೇ ದಿಕ್ಕಿಗಿದ್ದರೆ ಕೂಡಲಾರವು. ಈ ಎರಡು ಸ್ಥಿತಿಗಳ ನಡುವಿನ ಅದಲುಬದಲನ್ನು ಅಯಸ್ಕಾಂತ ಪ್ರಭಾವಿಸುತ್ತದೆ. ಆದರೆ ಹೊತ್ತು ಬಹಳ ಕಡಿಮೆ. ಅಣುಗಳ ತಿರುಗಾಟದಿಂದ ಸ್ಪಿನ್ ಬೇಗನೆ ತನ್ನ ದಿಕ್ಕು ಮರೆಯುತ್ತದೆ. ದ್ರವಗಳಲ್ಲಿ ಇದಕ್ಕೆ ಬೇಕಾಗುವುದು ಸಾಮಾನ್ಯವಾಗಿ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದ ಆಸುಪಾಸು. ಅಷ್ಟರಲ್ಲೇ ಕ್ರಿಯೆ ನಡೆಯಬೇಕು. ವಲಸೆ ಹಕ್ಕಿಗಳ ಕಣ್ಣಿನಲ್ಲಿ ಹೀಗೇ ನಡೆದು ಅವುಗಳಿಗೆ ದಿಕ್ಕು ತಿಳಿಯುತ್ತಿರಬಹುದೆಂದು ವಿಜ್ಞಾನಿಗಳು ಊಹಿಸಿದ್ದಾರೆ.

ನೀರಿನ ಅಣುವಿನಲ್ಲಾಗಲಿ, ಅದರಲ್ಲಿ ಕರಗಿದ ಸೋಡಿಯಂ, ಕ್ಲೋರೈಡ್ ಅಯಾನುಗಳಲ್ಲಾಗಲಿ ಇಂಥ ಒಂಟಿ ಎಲೆಕ್ಟ್ರಾನು ಇಲ್ಲ. ಹೈಡ್ರೋಜನ್ನಿನ ಬೀಜಕೇಂದ್ರಕ್ಕೆ ಸ್ಪಿನ್ ಉಂಟು, ನಿಜ. 1951ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಅವರು ದ್ರವವನ್ನು ಅಯಸ್ಕಾಂತದ ನಡುವೆ ಹರಿಸಿ, ಹರಿವಿನಿಂದ ಈ ಸ್ಪಿನ್ನುಗಳ ಸಂಕೇತ ಬದಲಾಗುವುದನ್ನು ತೋರಿಸಿದರು. ಎಂಆರ್‌ಐನಲ್ಲಿ ರಕ್ತದ ಹರಿವನ್ನು ಕಾಣುವುದಕ್ಕೂ ಇಂಥದೇ ತತ್ವ ಒದಗಿತು. ಅಂದರೆ ಹರಿಯುವ ನೀರು ಅಯಸ್ಕಾಂತವನ್ನು ನೆನಪಿಡುತ್ತದೆ; ಆದರೆ ಕೆಲವೇ ಸೆಕೆಂಡು. ಪೈಪು ದಾಟಿ ಕಬ್ಬಿನ ಸಾಲಿಗೆ ಬರುವಷ್ಟರಲ್ಲಿ ಮರೆತಿರುತ್ತದೆ. ಆ ನೆನಪಿನಿಂದ ಉಪ್ಪಿನ ಒಂದು ಹರಳೂ ಕಡಿಮೆಯಾಗದು.

ಆದ್ದರಿಂದ ರೈತ ಬಂಧುಗಳೇ, ಹಣ ಕೊಡುವ ಮೊದಲು ಅಯಸ್ಕಾಂತದ ಹಿಂದಿನ ನೀರು ಒಂದು ಬಾಟಲಿ, ಮುಂದಿನದು ಒಂದು ಬಾಟಲಿ ತುಂಬಿಸಿ ಪ್ರಯೋಗಾಲಯದಲ್ಲಿ ಲವಣಾಂಶ ಅಳೆಯಿಸಿರಿ. ಸವಳು ನೆಲಕ್ಕೆ ಬೇಕಾದದ್ದು ಬಸಿಗಾಲುವೆ ಮತ್ತು ಹಿತಮಿತ ನೀರು. ಮಕ್ಕಳೇ, ಯಾರು ಏನೇ ಹೇಳಲಿ, "ಎಷ್ಟು? ಎಷ್ಟು ಹೊತ್ತು?" ಎಂದು ಕೇಳಿರಿ. ಈ ಶಾಲೆ ನಿಮಗೆ ಕಲಿಸಿದ ವಿಜ್ಞಾನ ಅಪ್ಪನ ಹೊಲಕ್ಕೂ ಉಪಯೋಗವಾಗಲಿ.