ನವರಂಗ ಬಂದ ಭಾನುವಾರ

(ಸಂಘದ ಅಕ್ಟೋಬರ್ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವ ಹತ್ತಿರ ಬಂದಾಗ ನಾಡುನುಡಿಯ ವಿಷಯ ಮಾತನಾಡುವುದು ವಾಡಿಕೆ. ಇಂಥ ಹೊತ್ತಿನಲ್ಲಿ ನಾನು ಹಕ್ಕಿಗಳ ಮಾತೆತ್ತಿದರೆ ತಾವು ನಕ್ಕೀರಿ. ಆದರೆ ಕಡೆಯವರೆಗೂ ಕೇಳಿದರೆ, ನಾನು ದಾರಿ ತಪ್ಪಿಲ್ಲವೆಂದು ತಮಗೇ ತೋರೀತು.

ಈ ತಿಂಗಳ ಮೊದಲ ಶನಿವಾರ ಮೊಮ್ಮಗನೊಡನೆ ಬೋರಿವಲಿಯ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿದ್ದೆ. ಎರಡು ಲೋಕಲ್ ಮಾರ್ಗಗಳ ನಡುವೆ ಸುಮಾರು 104 ಚದರ ಕಿಲೋಮೀಟರಿನ ಕಾಡು ಉಳಿದಿರುವುದು ಈ ನಗರದ ಪುಣ್ಯ. ಮಳೆ ಹಿಂದೆಗೆದಿತ್ತು. ಹಳ್ಳದ ಕಲ್ಲಿನ ಮೇಲೆ ಬೂದು ಬೆನ್ನಿನ, ಹಳದಿ ಹೊಟ್ಟೆಯ ಹಕ್ಕಿಯೊಂದು ಬಾಲ ಕುಣಿಸುತ್ತಿತ್ತು. ಹುಡುಗ ಅದರ ಇಂಗ್ಲಿಷ್ ಹೆಸರನ್ನು ಥಟ್ಟನೆ ಹೇಳಿ, “ಅಜ್ಜ, ಕನ್ನಡದಲ್ಲಿ ಏನಂತಾರೆ?” ಎಂದ. “ಕುಂಡೆಕುಸ್ಕ” ಎಂದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಅಷ್ಟು ಪುಟ್ಟ ಹಕ್ಕಿ ಹಿಮಾಲಯದ ಕಡೆಯಿಂದ ಚಳಿಗಾಲ ಕಳೆಯಲು ಇಲ್ಲಿಗೆ ಬರುತ್ತದೆಂದು ಹೇಳಿದ ಮೇಲೆ ನಗು ನಿಂತಿತು.

ಮರಾಠಿಯಲ್ಲಿ ಅದೇ ಹಕ್ಕಿಗೆ ಧೋಬಿ ಎನ್ನುತ್ತಾರೆ. ನಮ್ಮಲ್ಲಿ ಮಡಿವಾಳನೆಂದರೆ ಬೇರೆ ಹಕ್ಕಿ. ಬೆಳಗಿನಲ್ಲಿ ಸಿಳ್ಳು ಹಾಕುವ ಕಪ್ಪು ಬಿಳುಪಿನದು. ಮರಾಠಿಗರ ಕೋತವಾಲ ನಮ್ಮ ಕಾಜಾಣ. ಹೀಗೆ ಹೇಳುತ್ತ ನಾನು ಪಂಡಿತನಂತೆ ನಡೆಯುತ್ತಿರುವಾಗಲೇ ಅಪ್ಪಟ ಹಳದಿ ಹಕ್ಕಿಯೊಂದು ಮರದಿಂದ ಮರಕ್ಕೆ ಹಾರಿತು. ಮರಾಠಿಯಲ್ಲಿ ಹಳದ್ಯಾ ಎಂಬುದು ಕೂಡಲೇ ನೆನಪಾಯಿತು. ಕನ್ನಡದ ಹೆಸರು ಮಾತ್ರ ನಾಲಗೆಯ ತುದಿಯವರೆಗೆ ಬಂದು ನಿಂತುಬಿಟ್ಟಿತು. ಬಾಲ್ಯದಲ್ಲಿ ದಿನವೂ ಆಡಿದ ಮಾತು! ಊರು ಬಿಟ್ಟ ನಲವತ್ತು ವರ್ಷಗಳಲ್ಲಿ ಅದು ಎಲ್ಲಿ ಉದುರಿಹೋಯಿತೋ ತಿಳಿಯಲಿಲ್ಲ. ರಾತ್ರಿ ಊರಿನಲ್ಲಿರುವ ಅಕ್ಕನಿಗೆ ಫೋನು ಮಾಡಿದೆ. “ಹೊನ್ನಕ್ಕಿ ಅಲ್ಲವೇನೋ?” ಎಂದಳು. ಆ ಒಂದು ಮಾತಿಗೆ ನನ್ನ ಕಣ್ಣು ಒದ್ದೆಯಾಯಿತು.

ಮರುದಿನ ಮುಂಜಾನೆ ಮುಲುಂಡಿನ ನಮ್ಮ ಕಟ್ಟಡದ ಮೆಟ್ಟಿಲ ಬಳಿ, ಕಿಟಕಿಯ ಗಾಜಿಗೆ ಬಡಿದು ಒಂದು ಹಕ್ಕಿ ಬಿದ್ದಿತ್ತು. ಹಸುರು ಬೆನ್ನು, ರೆಕ್ಕೆಯಲ್ಲಿ ನೀಲಿ, ಕಣ್ಣಿನ ಮೇಲೆ ಕಪ್ಪು ಪಟ್ಟಿ, ಬಿಳಿಯ ಕೊರಳು, ಮೊಟಕು ಬಾಲದಡಿಯಲ್ಲಿ ಕಡುಗೆಂಪು. ನಾನೂ ಪಕ್ಕದ ಮನೆಯ ಮರಾಠಿ ಅಜ್ಜಿಯೂ ಏಕಕಾಲಕ್ಕೆ ಕೂಗಿದೆವು: “ನವರಂಗ!” ಎರಡು ಭಾಷೆಗೂ ಒಂದೇ ಹೆಸರು. ಇಪ್ಪತ್ತು ವರ್ಷಗಳಿಂದ ನೆರೆಹೊರೆಯವರಾದ ನಾವು ಅಂದು ಮೊದಲ ಬಾರಿಗೆ ಒಬ್ಬರ ಮುಖವನ್ನೊಬ್ಬರು ನೋಡಿ ಮನಸಾರೆ ನಕ್ಕೆವು.

ನವರಂಗ ಮಳೆಗಾಲದಲ್ಲಿ ಈ ಕಡೆಯ ಕಾಡುಗಳಲ್ಲಿ ಮರಿ ಮಾಡಿ, ಮಳೆ ಮುಗಿದ ಮೇಲೆ ತೆಂಕಣಕ್ಕೆ ಹೊರಡುತ್ತದೆ. ಇರುಳಿನಲ್ಲಿ ಹಾರುವ ಹಕ್ಕಿ ದಣಿದು ಮನೆಗಳೊಳಗೆ ಬಂದು ಬೀಳುವುದುಂಟು. ರಟ್ಟಿನ ಪೆಟ್ಟಿಗೆಗೆ ತೂತು ಮಾಡಿ, ಹಕ್ಕಿಯನ್ನು ಕತ್ತಲಲ್ಲಿ ಸದ್ದಿಲ್ಲದೆ ಇಟ್ಟೆವು. ಹುಡುಗ ಇಡೀ ದಿನ ಟೀವಿ ಹಚ್ಚಲಿಲ್ಲ. ಸಂಜೆ ಕಾಡಿನ ಅಂಚಿಗೆ ಒಯ್ದು ಮುಚ್ಚಳ ತೆಗೆದಾಗ ಹಕ್ಕಿ ಅರೆಗಳಿಗೆ ಅಲುಗಲಿಲ್ಲ. ನಮ್ಮ ಎದೆಯೂ ನಿಂತಂತಾಯಿತು. ಆಮೇಲೆ ಎರಡು ಕುಪ್ಪಳಿಸಿ ಪೊದೆಯೊಳಗೆ ಹಾರಿಹೋಯಿತು.

“ಅಜ್ಜ, ಅದು ನಮ್ಮೂರಿಗೆ ಹೋಗ್ತದಾ?”

“ಹೋದರೂ ಹೋದೀತು.”

“ಹಾಗಾದರೆ ಅದರ ಊರು ಯಾವುದು? ಇದಾ, ಅದಾ?”

ಸಭಿಕರೇ, ಈ ಪ್ರಶ್ನೆಯನ್ನು ನಮ್ಮ ಮಕ್ಕಳು ಬಾಯಿಬಿಟ್ಟು ಕೇಳದಿದ್ದರೂ ಮನಸ್ಸಿನಲ್ಲಿ ಕೇಳಿಕೊಳ್ಳುತ್ತಲೇ ಇರುತ್ತಾರೆ. “ಎರಡೂ ಅದರದ್ದೇ” ಎಂದೆ. ಬೇರೆ ಉತ್ತರ ನನಗೆ ತಿಳಿಯದು.

1896ರಲ್ಲಿ ಈ ಮುಂಬಯಿಯಲ್ಲಿ ಹುಟ್ಟಿದ ಸಾಲಿಂ ಅಲಿಯವರು 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. ಅವರ ಒತ್ತಾಸೆಯಿಂದಲೇ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಮುಂಬಯಿಯ ಮಗನೊಬ್ಬ ನಮ್ಮ ನಾಡಿನ ಹಕ್ಕಿಗಳಿಗೆ ನೆಲೆ ಕೊಡಿಸಿದ. ನಾವು ಮುಂಬಯಿಯ ಹಕ್ಕಿಗಳನ್ನು ಕನ್ನಡದ ಹೆಸರಿನಿಂದಲಾದರೂ ಕರೆಯಬೇಡವೇ?

ಆದುದರಿಂದ ನನ್ನ ಬಿನ್ನಹ ಇಷ್ಟೇ. ಬರುವ ಭಾನುವಾರ ಮಕ್ಕಳನ್ನು ಕರೆದುಕೊಂಡು ಹೊರಗೆ ಹೋಗಿರಿ. ಕಂಡ ಹಕ್ಕಿಯ ಹೆಸರನ್ನು ಮನೆಯ ಹಿರಿಯರಲ್ಲಿ ಕೇಳಿ ಬರೆದಿಡಿರಿ. ಕರೆಯದ ಹೆಸರು ಉಳಿಯುವುದಿಲ್ಲ. ನನ್ನ ನಾಲಗೆಯೇ ಅದಕ್ಕೆ ಸಾಕ್ಷಿ. ನಮ್ಮ ಮನೆಯಲ್ಲಿ ಈಗ ಅಂಥ ಒಂದು ಪುಸ್ತಕವಿದೆ. ಮೊದಲನೆಯ ಪುಟದಲ್ಲಿ ಮೊಮ್ಮಗನ ಓರೆಕೋರೆ ಅಕ್ಷರಗಳಲ್ಲಿ ‘ಹೊನ್ನಕ್ಕಿ’ ಎಂದಿದೆ.