ಆ ಬೀಚಿಗೆ ವಾರದಲ್ಲಿ ಎರಡು ದಿನ ರಜೆ

ಬೀಚಿಗೆ ರಜೆ ಇರುತ್ತಾ? ಇರುತ್ತೆ. ಹವಾಯಿಯ ಒವಾಹು ದ್ವೀಪದಲ್ಲಿ ಹನೌಮಾ ಬೇ ಅಂತ ಒಂದು ಕೊಲ್ಲಿ. ಸೋಮವಾರ, ಮಂಗಳವಾರ ಅದರ ಗೇಟು ಬಂದ್. ಜನ ಬರಲ್ಲ ಅಂತ ಅಲ್ಲ, ಮೀನುಗಳಿಗೆ ವಿಶ್ರಾಂತಿ ಬೇಕು ಅಂತ!

ಜಾಗ ಎಂಥದ್ದು ಗೊತ್ತಾ? ಹಳೇ ಜ್ವಾಲಾಮುಖಿಯ ಬಾಯಿ ಅದು. ಒಂದು ಪಕ್ಕದ ಗೋಡೆ ಒಡೆದು ಪೆಸಿಫಿಕ್ ಸಾಗರ ಒಳಗೆ ಬಂದು ಕೂತಿದೆ. ಗುಡ್ಡದ ಮೇಲೆ ನಿಂತು ನೋಡಿದರೆ ಕೆಳಗೆ ಅರ್ಧಚಂದ್ರದಂಥ ದಡ, ಪಚ್ಚೆ ಬಣ್ಣದ ನೀರು, ನೀರಿನೊಳಗೆ ಕಪ್ಪಗೆ ಕಾಣುವ ಹವಳದ ದಿಬ್ಬ. ಎಲ್ವಿಸ್ ಪ್ರೀಸ್ಲಿಯ 1961ರ 'ಬ್ಲೂ ಹವಾಯಿ' ಸಿನಿಮಾದಲ್ಲೂ ಈ ದಡ ಇದೆ.

1967ರಲ್ಲಿ ಇದನ್ನು ಸಂರಕ್ಷಿತ ಪ್ರದೇಶ ಅಂತ ಘೋಷಿಸಿ ಮೀನು ಹಿಡಿಯೋದನ್ನ ನಿಲ್ಲಿಸಿದರು. ಮೀನು ಹಿಡಿಯೋರು ಹೋದರು, ಮೀನು ನೋಡೋರು ಬಂದರು. 1980ರ ದಶಕದಲ್ಲಿ ಕೆಲವು ದಿನ ಹತ್ತು ಸಾವಿರ ಜನ! ಹವಳದ ಮೇಲೇ ಹತ್ತಿ ನಿಲ್ಲೋದು, ಮೀನಿಗೆ ಬ್ರೆಡ್ಡು ಎಸೆಯೋದು. ಹವಳ ನೋಡೋಕೆ ಕಲ್ಲು, ನಿಜಕ್ಕೂ ಅದು ಜೀವ. ಕಾಲಿಟ್ಟರೆ ಸಾಯುತ್ತೆ.

ಈಗ ಅಲ್ಲಿ ನಡೆಯೋದೇ ಬೇರೆ. ಎರಡು ದಿನ ಮೊದಲು, ಬೆಳಿಗ್ಗೆ ಏಳಕ್ಕೆ ಸರಿಯಾಗಿ ಆನ್‌ಲೈನ್ ಬುಕಿಂಗ್ ತೆರೆಯುತ್ತೆ. ನಮ್ಮ ತತ್ಕಾಲ್ ಟಿಕೆಟ್ ನೆನಪಿಸಿಕೊಳ್ಳಿ, ಅಷ್ಟೇ ಬೇಗ ಖಾಲಿ. ನಾನು ಹೋದಾಗ ಹೊರಗಿನವರಿಗೆ ತಲಾ 25 ಡಾಲರ್, ಸ್ಥಳೀಯರಿಗೆ ಉಚಿತ. ಇದು ತಾರತಮ್ಯ ಅಂತ ಸಾಲಿನಲ್ಲಿ ನನ್ನ ಹಿಂದಿದ್ದವರು ಗೊಣಗ್ತಿದ್ದರು. ನನಗೆ ಹಾಗನ್ನಿಸಲಿಲ್ಲ. ಸಮುದ್ರ ಅವರ ಮನೆ ಅಂಗಳದ್ದು ಸ್ವಾಮಿ. ನಾವು ಬಂದು ಹೋಗೋರು, ಅವರು ಅಲ್ಲೇ ಇರೋರು.

ದುಡ್ಡು ಕೊಟ್ಟ ಮಾತ್ರಕ್ಕೆ ನೀರಿಗಿಳಿಯೋ ಹಾಗಿಲ್ಲ. ಮೊದಲು ಒಂಬತ್ತು ನಿಮಿಷದ ವಿಡಿಯೊ ನೋಡಬೇಕು. ಹವಳ ತುಳಿಯಬೇಡಿ, ಮೀನಿಗೆ ತಿಂಡಿ ಹಾಕಬೇಡಿ, ಆಮೆ ಕಂಡರೆ ದೂರ ಇರಿ. ಮೈಗೆ ಹಚ್ಚೋ ಸನ್‌ಸ್ಕ್ರೀನ್ ಬಗ್ಗೆಯೂ ಪಾಠ. ಹವಳಕ್ಕೆ ಹಾನಿ ಮಾಡುತ್ತವೆ ಅಂತ ಎರಡು ರಾಸಾಯನಿಕಗಳಿರುವ ಸನ್‌ಸ್ಕ್ರೀನ್ ಮಾರಾಟವನ್ನೇ ಹವಾಯಿ 2021ರ ಜನವರಿ 1ರಿಂದ ನಿಷೇಧಿಸಿದೆ. ನಮ್ಮಲ್ಲಾಗಿದ್ದರೆ ಆ ಒಂಬತ್ತು ನಿಮಿಷ ತಪ್ಪಿಸೋಕೆ ಯಾರ್‍ಯಾರಿಗೆ ಫೋನ್ ಹೋಗ್ತಿತ್ತೋ!

ನೀರಿಗೆ ಮುಖ ಹಾಕಿದೆ ನೋಡಿ. ಗಿಳಿಮೀನುಗಳ ಹಿಂಡು. ಗಿಳಿಯ ಕೊಕ್ಕಿನಂಥ ಹಲ್ಲು. ಹವಳದ ಮೇಲಿನ ಪಾಚಿಯನ್ನು ಕೆರೆದು ತಿನ್ನುವಾಗ ಕಟಕಟ ಶಬ್ದ ಕಿವಿಗೇ ಕೇಳಿಸುತ್ತೆ. ಪಾಚಿಯ ಜೊತೆ ಹವಳದ ಸುಣ್ಣವೂ ಹೊಟ್ಟೆಗೆ ಹೋಗಿ, ಅರೆದು ಪುಡಿಯಾಗಿ ಹೊರಬರುತ್ತೆ. ನಾವು ಟವೆಲ್ ಹಾಸಿಕೊಂಡು ಸೆಲ್ಫಿ ತೆಗೆಯೋ ಆ ಬಿಳಿ ಮರಳಿದೆಯಲ್ಲ, ಅದರಲ್ಲಿ ಒಂದು ಪಾಲು ಈ ಮೀನಿನ ಹಿಕ್ಕೆ! ಮೀನು ಹೋದರೆ ಪಾಚಿ ಹವಳವನ್ನು ಮುಚ್ಚುತ್ತೆ, ಹವಳ ಹೋದರೆ ಅಲೆ ತಡೆಯೋರಿಲ್ಲ, ದಡವೂ ಉಳಿಯಲ್ಲ.

2020ರಲ್ಲಿ ಕೋವಿಡ್ ಅಂತ ತಿಂಗಳುಗಟ್ಟಲೆ ಗೇಟು ಮುಚ್ಚಿದ್ದರು. ವಿಜ್ಞಾನಿಗಳು ಅಳತೆ ಮಾಡಿದರೆ ನೀರು ಮೊದಲಿಗಿಂತ ಎಷ್ಟೋ ತಿಳಿಯಾಗಿತ್ತು. ಡಿಸೆಂಬರ್‌ನಲ್ಲಿ ಮತ್ತೆ ತೆರೆದಾಗ ಹಳೇ ಲೆಕ್ಕಕ್ಕೆ ಹೋಗಲಿಲ್ಲ. ಮುಂಚೆ ವಾರಕ್ಕೆ ಮಂಗಳವಾರ ಒಂದೇ ರಜೆ ಇತ್ತು. ಸೋಮವಾರವನ್ನೂ ಸೇರಿಸಿದರು.