ಕೀಮೋ ವಿಷಯ ಅಮ್ಮನನ್ನು ಕೇಳಿದಿರಾ?

(ಕಾಸರಗೋಡಿನ ಬೀಡಿ ಮತ್ತು ತೋಟ ಕಾರ್ಮಿಕರ ಕೂಟದಲ್ಲಿ ಉಪದೇಶಿಯೊಬ್ಬರು ಮಾಡಿದ ಭಾಷಣ)



ಕ್ಯಾನ್ಸರಿನ ವಿಷಯ ಮಾತಾಡಬೇಕೆಂದು ನಿಮ್ಮಲ್ಲಿ ಕೆಲವರು ಕೇಳಿಕೊಂಡಿದ್ದೀರಿ. ನಾನು ವೈದ್ಯನಲ್ಲ, ಎಸ್.ಎಸ್.ಎಲ್.ಸಿ. ಓದಿದವನು. ಆದರೆ ರೋಗಿಗಳ ಮನೆಗೆ ಪ್ರಾರ್ಥನೆಗೆ ಹೋಗುವವನೂ ನಾನೇ, ಆಸ್ಪತ್ರೆಯ ಕಾಗದ ಹಿಡಿದು ಯೂನಿಯನ್ ಕಛೇರಿಗೆ ಬರುವವರೊಡನೆ ಕೂರುವವನೂ ನಾನೇ. ಎರಡು ಕಡೆಯೂ ಕೇಳುವ ಪ್ರಶ್ನೆ ಒಂದೇ: "ಅಮ್ಮನಿಗೆ ಕ್ಯಾನ್ಸರ್ ಎಲ್ಲ ಕಡೆ ಹರಡಿದೆಯಂತೆ. ಕೀಮೋ ಕೊಡಿಸಬೇಕೋ ಬೇಡವೋ?"

ಇದಕ್ಕೆ ಹೌದು, ಅಲ್ಲ ಎಂದು ನಾನು ಹೇಳುವುದಿಲ್ಲ. ಈ ಪ್ರಶ್ನೆಯನ್ನು ನನ್ನಲ್ಲಿ ಕೇಳುತ್ತೀರಿ, ನೆರೆಮನೆಯವರಲ್ಲಿ ಕೇಳುತ್ತೀರಿ, ಗಲ್ಫಿನಲ್ಲಿರುವ ಅಣ್ಣನಲ್ಲಿ ಕೇಳುತ್ತೀರಿ. ಅಮ್ಮನಲ್ಲಿ ಮಾತ್ರ ಕೇಳುವುದಿಲ್ಲ. ನನ್ನ ತಕರಾರು ಅದೇ.

ಬೀಡಿ ಕಟ್ಟಿ ಮೂವರು ಮಕ್ಕಳನ್ನು ಸಾಕಿದ ಒಬ್ಬ ತಾಯಿಯಿದ್ದರು. ವಯಸ್ಸು ಎಪ್ಪತ್ತರ ಹತ್ತಿರ. ಹೊಟ್ಟೆಯ ಕ್ಯಾನ್ಸರ್ ಲಿವರಿಗೆ ಹರಡಿತ್ತು. ಜಾಗ ಮಾರಿಯಾದರೂ ಕೀಮೋ ಕೊಡಿಸಿ ಎಂದು ದೊಡ್ಡ ಮಗ ಫೋನಿನಲ್ಲಿ ಹೇಳುತ್ತಿದ್ದ. ಜೊತೆಗಿದ್ದು ಚಾಕರಿ ಮಾಡುತ್ತಿದ್ದ ಮಗಳು, ಅಮ್ಮನ ಮೈಯಲ್ಲಿ ತ್ರಾಣವೇ ಇಲ್ಲ, ಬೇಡ ಎನ್ನುತ್ತಿದ್ದಳು. ಜಗಳವೆಲ್ಲ ಆಸ್ಪತ್ರೆಯ ವರಾಂಡದಲ್ಲಿ. ಒಳಗೆ ಮಲಗಿದ್ದವರಿಗೆ ಹೇಳಿದ್ದು ಗ್ಯಾಸ್ಟ್ರಿಕ್ ಎಂದು. ನಾನು ಪ್ರಾರ್ಥನೆ ಮುಗಿಸಿ ಎದ್ದಾಗ ಅವರು ಕೈ ಹಿಡಿದುಕೊಂಡರು. "ಮಾಸ್ಟ್ರೇ, ಇದು ಗ್ಯಾಸ್ಟ್ರಿಕ್ ಅಲ್ಲ ಅಂತ ನನಗೆ ಗೊತ್ತುಂಟು. ಮಕ್ಕಳಿಗೆ ಬೇಜಾರಾಗ್ತದೆ ಅಂತ ಸುಮ್ಮನಿದ್ದೇನೆ" ಎಂದರು. ಒಂದೇ ಮನೆಯಲ್ಲಿ ಎರಡು ಕಡೆಯವರೂ ಒಬ್ಬರಿಂದೊಬ್ಬರು ಅಡಗಿಸಿಟ್ಟುಕೊಂಡಿದ್ದರು.

ಮರುದಿನ ಮಗಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಆ ತಾಯಿ ಕೇಳಿದ್ದು ಮೂರು ಸಂಗತಿ. ರಾತ್ರಿ ನಿದ್ದೆ ಬರಬೇಕು. ಮೊಮ್ಮಗಳ ಪ್ರಥಮ ಪರಮಪ್ರಸಾದ ನೋಡಬೇಕು. ಜಾಗ ಮಾರಬಾರದು. ಇಷ್ಟು ತಿಳಿದ ಮೇಲೆ ವೈದ್ಯರಿಗೂ ದಾರಿ ಸುಲಭವಾಯಿತು. ಕಡಿಮೆ ಪ್ರಮಾಣದಲ್ಲಿ ಎರಡು ಸಲ ಕೀಮೋ ಕೊಟ್ಟು ಸ್ಕ್ಯಾನ್ ಮಾಡಿದರು. ಗುಣ ಕಾಣಲಿಲ್ಲ, ನಿಲ್ಲಿಸಿದರು. ಪರಮಪ್ರಸಾದದ ದಿನ ಅವರನ್ನು ಕುರ್ಚಿಯಲ್ಲಿ ಕೂರಿಸಿ ದೇವಾಲಯಕ್ಕೆ ತಂದೆವು. ಆರು ವಾರದ ನಂತರ ತಮ್ಮ ಮನೆಯಲ್ಲೇ ಕಣ್ಣು ಮುಚ್ಚಿದರು. ಇನ್ನೂ ಕೊಡಿಸಬೇಕಿತ್ತು ಎಂದು ದೊಡ್ಡ ಮಗ ಈಗಲೂ ಹೇಳುತ್ತಾನೆ. ನಾನು ಅವನೊಡನೆ ವಾದಿಸುವುದಿಲ್ಲ.

ವೈದ್ಯರಲ್ಲಿ ಮೊದಲು ಕೇಳಬೇಕಾದ್ದು: ಈ ಮದ್ದು ಯಾತಕ್ಕೆ? ರೋಗ ವಾಸಿಮಾಡಲಿಕ್ಕೋ, ಕೆಲವು ತಿಂಗಳು ಹೆಚ್ಚು ಸಿಗಲಿಕ್ಕೋ, ನೋವು ಉಬ್ಬರ ಇಳಿಸಲಿಕ್ಕೋ? ಅಮೇರಿಕದಲ್ಲಿ ಕೀಮೋ ಪಡೆಯುತ್ತಿದ್ದ, ರೋಗ ಹರಡಿದ್ದ 1,193 ಮಂದಿಯನ್ನು ವಿಚಾರಿಸಿದ ವರದಿಯೊಂದು 2012ರಲ್ಲಿ ಬಂತು. ಅದರಿಂದ ರೋಗ ವಾಸಿಯಾಗುವ ಸಂಭವವಿಲ್ಲವೆಂಬುದು ಶ್ವಾಸಕೋಶದ ಕ್ಯಾನ್ಸರಿನವರಲ್ಲಿ ನೂರಕ್ಕೆ 69 ಮಂದಿಗೆ, ದೊಡ್ಡ ಕರುಳಿನ ಕ್ಯಾನ್ಸರಿನವರಲ್ಲಿ 81 ಮಂದಿಗೆ ಮನಸ್ಸಿಗೆ ಹತ್ತಿರಲಿಲ್ಲ. ಓದಿದವರ ದೇಶದಲ್ಲೇ ಹೀಗೆ. ರೋಗದ ಹೆಸರನ್ನೇ ಹೇಳದ ನಮ್ಮಲ್ಲಿ ಹೇಗಿರಬಹುದು!

ಹಾಗೆಂದು ಹರಡಿದೆ ಎಂಬ ಮಾತು ಕೇಳಿದ ಕೂಡಲೇ ಬೇಡವೆಂದು ಎದ್ದು ಬರಬೇಡಿ. ವೃಷಣದ ಕ್ಯಾನ್ಸರ್, ಕೆಲವು ಬಗೆಯ ಲಿಂಫೋಮಾ ಹರಡಿದ ಮೇಲೂ ಕೀಮೋದಿಂದ ವಾಸಿಯಾಗುವುದುಂಟು. ಶ್ವಾಸಕೋಶದ ಕೆಲವು ಕ್ಯಾನ್ಸರಿಗೆ, ಗಡ್ಡೆಯ ಪರೀಕ್ಷೆಯಲ್ಲಿ ತಕ್ಕ ಲಕ್ಷಣ ಕಂಡರೆ, ದಿನಕ್ಕೊಂದು ಮಾತ್ರೆಯೇ ಸಾಕಾಗುತ್ತದೆ. ಮೂಳೆಯ ನೋವಿಗೆ ಒಂದೇ ಸಲದ ರೇಡಿಯೇಶನ್ ಸಹ ಉಪಕಾರವಾಗುತ್ತದೆ. ನೆರೆಮನೆಯವರ ಕಥೆ ನೆರೆಮನೆಯವರ ರೋಗದ್ದು.

ಎರಡನೆಯದು ಮೈಯ ತ್ರಾಣ. ವೈದ್ಯರು ಅದನ್ನು ಸೊನ್ನೆಯಿಂದ ನಾಲ್ಕರವರೆಗೆ ಅಂಕೆಯಲ್ಲಿ ಬರೆಯುತ್ತಾರೆ. ಮೊದಲಿನಂತೆ ಓಡಾಡುವವರು ಸೊನ್ನೆ. ಎಚ್ಚರವಿರುವ ಹೊತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಲಗಿಯೋ ಕೂತೋ ಇರುವವರು ಮೂರು. ಹಾಸಿಗೆ ಬಿಟ್ಟೇಳದವರು ನಾಲ್ಕು. ಮೂರು, ನಾಲ್ಕಕ್ಕೆ ಬಂದವರಿಗೆ ಕೀಮೋದಿಂದ ಸಾಮಾನ್ಯವಾಗಿ ಲಾಭಕ್ಕಿಂತ ಹಾನಿ ಹೆಚ್ಚು. ವೈದ್ಯರು ಕೇಳುವಾಗ ಅಮ್ಮ ಚೆನ್ನಾಗಿ ನಡೆಯುತ್ತಾರೆ ಎಂದು ಸುಳ್ಳು ಹೇಳುವ ಮಕ್ಕಳನ್ನು ನೋಡಿದ್ದೇನೆ. ಪ್ರೀತಿಯಿಂದಲೇ ಹೇಳುತ್ತಾರೆ; ಅನುಭವಿಸುವವರು ಅಮ್ಮ.

ಕೀಮೋ ಎಂದರೆ ಜೀವಮಾನದ ಹರಕೆಯೂ ಅಲ್ಲ. ಎರಡು ಮೂರು ಸಲ ನೋಡೋಣ, ಸ್ಕ್ಯಾನ್ ಮಾಡೋಣ, ಆಗದಿದ್ದರೆ ನಿಲ್ಲಿಸೋಣ ಎಂದು ಮೊದಲೇ ಮಾತಾಡಿಕೊಳ್ಳಬಹುದು. ಶುರುಮಾಡಿದರೆ ಒಂದು ಎಚ್ಚರಿಕೆ: ಮದ್ದು ಕೊಟ್ಟ ಒಂದೆರಡು ವಾರದಲ್ಲಿ ರಕ್ತದ ಬಿಳಿ ಕಣಗಳು ಇಳಿಯುತ್ತವೆ. ಆಗ ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗಲೆಂದು ಕಾಯಬಾರದು, ನಡುರಾತ್ರಿಯಾದರೂ ಜೀಪು ಕರೆಯಿರಿ.

ಪಾಲಿಯೇಟಿವ್ ಆರೈಕೆಯ ವಿಷಯ ಸ್ವಲ್ಪ ಹೆಚ್ಚು ಹೇಳುತ್ತೇನೆ, ಏಕೆಂದರೆ ಇದರಲ್ಲಿ ಕೇರಳದಲ್ಲಿರುವ ನಾವು ಭಾಗ್ಯವಂತರು. 1993ರಲ್ಲಿ ಕೋಝಿಕ್ಕೋಡಿನ ಮೆಡಿಕಲ್ ಕಾಲೇಜಿನಲ್ಲಿ ಕೆಲವು ವೈದ್ಯರು ಆರಂಭಿಸಿದ ಈ ಕೆಲಸ ಊರೂರಿಗೆ ಹಬ್ಬಿತು; 2008ರಲ್ಲಿ ರಾಜ್ಯ ಸರಕಾರ ಅದನ್ನು ತನ್ನ ನೀತಿಯಾಗಿ ಒಪ್ಪಿತು. ಪಂಚಾಯತಿನ ಪಾಲಿಯೇಟಿವ್ ನರ್ಸ್ ಮನೆಗೇ ಬರುತ್ತಾರೆ. ಆದರೆ ನಮ್ಮವರು ಅವರನ್ನು ಕರೆಯುವುದು ಎಲ್ಲ ಮುಗಿದ ಮೇಲೆ. ರೋಗಿಗಳ ಅಭ್ಯಂಗಕ್ಕೆ ಫಾದರನ್ನು ಕರೆಯುವುದೂ ಹೀಗೆಯೇ ಅಲ್ಲವೇ? ಅದು ಸಾಯುವ ಗಳಿಗೆಗೆ ಮಾತ್ರವಲ್ಲ, ರೋಗಿಗೆ ಬಲ ಕೊಡಲಿಕ್ಕೆ ಎಂದು ಸಭೆ ಎಷ್ಟು ಹೇಳಿದರೂ, ಫಾದರ್ ಮೆಟ್ಟಲು ಹತ್ತಿದರೆ ಮನೆಯಲ್ಲಿ ಅಳು ಶುರು. ಬಾಸ್ಟನ್ನಿನ ಆಸ್ಪತ್ರೆಯೊಂದರಲ್ಲಿ, ಶ್ವಾಸಕೋಶದ ಕ್ಯಾನ್ಸರ್ ಹರಡಿದ್ದ 151 ಮಂದಿಯಲ್ಲಿ ಕೆಲವರಿಗೆ ಕ್ಯಾನ್ಸರ್ ಚಿಕಿತ್ಸೆಯ ಜೊತೆಗೇ ಆರಂಭದಿಂದ ಈ ಆರೈಕೆ ಕೊಟ್ಟರು. 2010ರ ವರದಿಯಂತೆ ಅವರ ಬಾಳುವೆ ಹೆಚ್ಚು ನೆಮ್ಮದಿಯದಾಗಿತ್ತು. ಬದುಕಿದ ಮಧ್ಯಮ ಅವಧಿಯೂ 11.6 ತಿಂಗಳು, ಉಳಿದವರದು 8.9. ಆದುದರಿಂದ ಕೀಮೋ ಇಲ್ಲವೇ ಪಾಲಿಯೇಟಿವ್ ಎಂದು ಆರಿಸುವ ಅಗತ್ಯವೇ ಇಲ್ಲ. ಮಾರ್ಫಿನ್ ಮಾತ್ರೆಗೂ ಹೆದರಬೇಡಿ. ವೈದ್ಯರು ಹೇಳಿದ ಅಳತೆಯಲ್ಲಿ ಕೊಟ್ಟರೆ ಅದು ನೋವಿನ ಮದ್ದು, ಸಾವಿನ ಮದ್ದಲ್ಲ. ಮಲಬದ್ಧತೆಗೆ ಜೊತೆಯಲ್ಲೇ ಮದ್ದು ಕೇಳಿಕೊಳ್ಳಿ.

ಬೇಡವೆಂದರೆ ಪಾಪವೇ ಎಂದು ಕೇಳುವವರಿದ್ದಾರೆ. ಲಾಭಕ್ಕೆ ಮೀರಿದ ಹೊರೆಯಾಗುವ ಚಿಕಿತ್ಸೆಯನ್ನು ಬಿಡಬಹುದೆಂದು ಕಥೋಲಿಕ ಸಭೆಯ ಧರ್ಮೋಪದೇಶದಲ್ಲೇ ಇದೆ. ಜಗದ್ಗುರು ಹನ್ನೆರಡನೇ ಪಿಯುಸರು 1957ರಲ್ಲೇ ವೈದ್ಯರ ಮುಂದೆ ಈ ವಿಷಯ ವಿವರಿಸಿದ್ದರು. ಅದು ಆತ್ಮಹತ್ಯೆಯಲ್ಲ, ತಾಯಿಯನ್ನು ಕೈಬಿಟ್ಟಂತೆಯೂ ಅಲ್ಲ. ಅನ್ನ ನೀರು, ನೋವಿನ ಮದ್ದು, ಮೈ ಒರೆಸುವುದು, ಪಕ್ಕದಲ್ಲಿ ಕೂರುವುದು, ಇವುಗಳಿಗೆ ಬಿಡುವಿಲ್ಲ.

ಇನ್ನು ನಮ್ಮ ಗಡಿನಾಡಿನ ತಾಪತ್ರಯ. ಮಂಗಳೂರಿಗೆ ಹೋಗುವವರು ಕೇರಳದ ವಿಮೆ ಕಾರ್ಡು ಆ ಆಸ್ಪತ್ರೆಯಲ್ಲಿ ನಡೆಯುತ್ತದೆಯೇ ಎಂದು ದಾಖಲಾಗುವ ಮುಂಚೆ ವಿಚಾರಿಸಿ. ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೆ ಹೋಗುವವರು ಮಲಯಾಳ ಚೆನ್ನಾಗಿ ಬರುವ ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಅವರು ವೈದ್ಯರ ಮಾತನ್ನು ಅಮ್ಮನಿಗೆ ಅಮ್ಮನ ಭಾಷೆಯಲ್ಲಿ, ಏನನ್ನೂ ಬಿಡದೆ ಹೇಳುವವರಾಗಿರಬೇಕು. ಸಿಗದಿದ್ದರೆ ನಮ್ಮ ಕಛೇರಿಯಿಂದ ಒಬ್ಬರನ್ನು ಕಳುಹಿಸುತ್ತೇವೆ, ರೈಲಿನ ಖರ್ಚು ಕೊಟ್ಟರೆ ಸಾಕು. ಭಾನುವಾರ ಬಲಿಪೂಜೆ ಮುಗಿದ ಮೇಲೆ ನಾನು ಅಲ್ಲೇ ಇರುತ್ತೇನೆ, ಆಸ್ಪತ್ರೆಯ ಕಾಗದಗಳನ್ನೆಲ್ಲ ತನ್ನಿ.